18 ಲಕ್ಷದ ಆಫರ್ ಲೆಟರ್‌ನಲ್ಲಿ ಕೈಗೆ ಬರೋದು ಎಷ್ಟು?

ಕಳೆದ ತಿಂಗಳು ದಾವಣಗೆರೆ ಕಡೆಯ ಹೆಣ್ಣುಮಗಳೊಬ್ಬರು ಎರಡು ಆಫರ್ ಲೆಟರ್ ಹಿಡಿದುಕೊಂಡು ನನ್ನ ಹತ್ತಿರ ಬಂದರು. ಮಾರ್ಕೆಟಿಂಗ್‌ನಲ್ಲಿ ಏಳು ವರ್ಷ ದುಡಿದವರು. ಎರಡು ಕಂಪನಿಯೂ ಬೆಂಗಳೂರಿನದೇ, ಎರಡರಲ್ಲೂ ಹುದ್ದೆ ಮಾರ್ಕೆಟಿಂಗ್ ಮ್ಯಾನೇಜರ್. ಒಂದರಲ್ಲಿ ವರ್ಷಕ್ಕೆ 18 ಲಕ್ಷ, ಇನ್ನೊಂದರಲ್ಲಿ 15.5 ಲಕ್ಷ. "ಇದರಲ್ಲಿ ಯೋಚನೆ ಮಾಡೋದೇನಿದೆ, 18 ಅಲ್ವಾ?" ಎಂದು ಮನೆಯಲ್ಲಿ ಎಲ್ಲರೂ ಹೇಳಿದ್ದರಂತೆ. ಅವರಿಗೇ ಯಾಕೋ ಅನುಮಾನ.

ಕಂಪನಿಗಳಿಗೆ ಮಾರ್ಕೆಟಿಂಗ್ ಜನರನ್ನು ಹುಡುಕಿಕೊಡುವುದೇ ನನ್ನ ಕೆಲಸ. ಇಂಥ ಪತ್ರಗಳನ್ನು ದಿನಾ ನೋಡುತ್ತೇನೆ. ಕೊನೆಯ ಪುಟದ ಸಂಬಳದ ಪಟ್ಟಿ ತೆಗೆದು ಇಬ್ಬರೂ ಪೆನ್ನು ಹಿಡಿದು ಕೂತೆವು.

18 ಲಕ್ಷದಲ್ಲಿ 3,60,000 ವೇರಿಯಬಲ್, ಅಂದರೆ ಗುರಿ ಮುಟ್ಟಿದಷ್ಟು ಮಾತ್ರ ವರ್ಷದ ಕೊನೆಗೆ ಸಿಗುವ ಭಾಗ. 1,00,000 ಜಾಯಿನಿಂಗ್ ಬೋನಸ್, ಅದೂ ಮೊದಲ ವರ್ಷ ಮಾತ್ರ. ವರ್ಷದೊಳಗೆ ಕೆಲಸ ಬಿಟ್ಟರೆ ವಾಪಸ್ ಕಟ್ಟಬೇಕು. ಬೇಸಿಕ್, ಅಂದರೆ ಮೂಲ ಸಂಬಳ, 7,20,000. ಅದರ 12% ಕಂಪನಿ ಪಾಲಿನ ಪಿಎಫ್, 86,400. ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿಗೆ ಬೇಸಿಕ್‌ನ 4.81%, ಸುಮಾರು 34,600. ಆರೋಗ್ಯ ವಿಮೆಯ ಕಂತು 19,000. ಬೇಸಿಕ್ ಬಿಟ್ಟು ಇವೆಲ್ಲ ಕೂಡಿದರೆ ಸರಿಯಾಗಿ 6 ಲಕ್ಷ, ತಿಂಗಳ ಸಂಬಳದಲ್ಲಿ ಬಾರದ ದುಡ್ಡು. ಉಳಿದದ್ದು 12 ಲಕ್ಷ, ಅಂದರೆ ತಿಂಗಳಿಗೆ 1 ಲಕ್ಷ. ಅದರಲ್ಲಿ ಅವರ ಪಾಲಿನ ಪಿಎಫ್ 7,200 ಮತ್ತು ವೃತ್ತಿ ತೆರಿಗೆ 200 ಕಳೆಯಿರಿ. ಖಾತೆಗೆ ಬೀಳುವುದು 92,600. ಆದಾಯ ತೆರಿಗೆ ಇನ್ನೂ ಹಿಡಿದಿಲ್ಲ. 18 ಲಕ್ಷ ಎಂದಾಗ ಅವರ ತಲೆಯಲ್ಲಿ ಓಡುತ್ತಿದ್ದದ್ದು ತಿಂಗಳಿಗೆ ಒಂದೂವರೆ ಲಕ್ಷ.

15.5 ಲಕ್ಷದ ಪತ್ರದಲ್ಲೂ ಬೇಸಿಕ್ ಅಷ್ಟೇ ಇತ್ತು. ಪಿಎಫ್, ಗ್ರಾಚ್ಯುಟಿ, ವಿಮೆ ಎಲ್ಲ ಅಷ್ಟೇ. ಆದರೆ ವೇರಿಯಬಲ್ 1,10,000 ಮಾತ್ರ, ಜಾಯಿನಿಂಗ್ ಬೋನಸ್ ಇಲ್ಲ. ತಿಂಗಳಿಗೆ ಕೈಗೆ ಬರುವುದು 1,00,900ರ ಹತ್ತಿರ. ಚಿಕ್ಕ ಪತ್ರವೇ ತಿಂಗಳಿಗೆ ಎಂಟು ಸಾವಿರ ಜಾಸ್ತಿ ಕೊಡುತ್ತಿತ್ತು!

ಪಿಎಫ್ ದುಡ್ಡು ಎಲ್ಲೂ ಹೋಗುವುದಿಲ್ಲ, ಅದು ನಿಮ್ಮದೇ. ಗ್ರಾಚ್ಯುಟಿ ಹಾಗಲ್ಲ. ಕಾಯಂ ಕೆಲಸದವರಿಗೆ ಸಾಮಾನ್ಯವಾಗಿ ಐದು ವರ್ಷ ತುಂಬಿದರೆ ಮಾತ್ರ ಸಿಗುತ್ತದೆ. ಎರಡು ವರ್ಷಕ್ಕೊಮ್ಮೆ ಕಂಪನಿ ಬದಲಿಸುವವರ ಪತ್ರದಲ್ಲಿ ಆ ಸಾಲು ಸುಮ್ನೆ ಅಂಕಿ, ಅಷ್ಟೇ.

ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ವೇರಿಯಬಲ್ ಬಗ್ಗೆ. ಮಾರಾಟ ಎಷ್ಟಾಯಿತು ಅನ್ನುವುದರ ಮೇಲೆ ಮಾರ್ಕೆಟಿಂಗ್ ಮ್ಯಾನೇಜರ್‌ನ ವೇರಿಯಬಲ್ ಕಟ್ಟುವ ಕಂಪನಿಗಳು ತುಂಬಾ ಇವೆ. ಆದರೆ ಮಾರಾಟ ನಿಮ್ಮ ಕೈಲಿರುವುದಿಲ್ಲ. ನೀವು ಚೆನ್ನಾಗಿ ಜಾಹೀರಾತು ಮಾಡಿ ಜನರನ್ನು ಅಂಗಡಿವರೆಗೆ ಕರೆತಂದಿರುತ್ತೀರಿ. ಗೋಡೌನಿಂದ ಮಾಲೇ ಬಂದಿರುವುದಿಲ್ಲ. ವರ್ಷದ ಕೊನೆಗೆ ಕತ್ತರಿ ಬೀಳುವುದು ನಿಮ್ಮ ಸಂಬಳಕ್ಕೆ. ಆದ್ದರಿಂದ ಸಹಿ ಹಾಕುವ ಮೊದಲೇ ಕೇಳಿ: ಕಳೆದ ಎರಡು ವರ್ಷ ಇದೇ ಹುದ್ದೆಯವರಿಗೆ ವೇರಿಯಬಲ್‌ನಲ್ಲಿ ಎಷ್ಟು ಪಾಲು ಕೊಟ್ಟಿದ್ದೀರಿ? ಹೀಗೆ ಕೇಳುವುದಕ್ಕೆ ನಮ್ಮ ಹುಡುಗರು ತುಂಬಾ ಹಿಂಜರಿಯುತ್ತಾರೆ. ಕೇಳಿದರೆ ಕೆಲಸವೇ ಕೈತಪ್ಪೀತು ಎಂಬ ಭಯ. ನೇರವಾಗಿ ಕೇಳಿದವರ ಮೇಲೆ ಗೌರವ ಹೆಚ್ಚಾಗಿದ್ದನ್ನೇ ನಾನು ನೋಡಿದ್ದು.

ಹಾಗಾದರೆ ಈ ಹುದ್ದೆಗೆ ಸರಿಯಾದ ಸಂಬಳ ಎಷ್ಟು? ನನ್ನ ಕೈಮೇಲೆ ಹಾದುಹೋಗುವ ಪತ್ರಗಳ ಲೆಕ್ಕದಲ್ಲಿ, ಬೆಂಗಳೂರಿನಲ್ಲಿ ಆರರಿಂದ ಹತ್ತು ವರ್ಷ ಅನುಭವ ಇದ್ದವರಿಗೆ 12 ಲಕ್ಷವೂ ಇದೆ, 28 ಲಕ್ಷವೂ ಇದೆ. ಹುಬ್ಬಳ್ಳಿ, ಮಂಗಳೂರು ಕಡೆ 5ರಿಂದ 10 ಲಕ್ಷ. ಇಷ್ಟು ಅಂತರ ಯಾಕೆಂದರೆ ಹುದ್ದೆಯ ಹೆಸರು ಒಂದೇ, ಕೆಲಸ ಬೇರೆ ಬೇರೆ. ನಮ್ಮ ಊರುಗಳಲ್ಲಿ "ಮಾರ್ಕೆಟಿಂಗ್ ಕೆಲಸ" ಎಂದರೆ ಇವತ್ತಿಗೂ ಬೈಕು, ಬ್ಯಾಗು, ತಿಂಗಳ ಟಾರ್ಗೆಟ್. ಅದು ಮಾರಾಟದ ಕೆಲಸ. ಮರ್ಯಾದೆಯ ಕೆಲಸವೇ, ಆದರೆ ಅದಕ್ಕೆ ಮ್ಯಾನೇಜರ್ ಎಂಬ ಕಾರ್ಡ್ ಕೊಟ್ಟು ಕಡಿಮೆ ಸಂಬಳಕ್ಕೆ ಒಪ್ಪಿಸುವುದು ಅನ್ಯಾಯ. ಇನ್ನೊಂದು ತುದಿಯಲ್ಲಿ ಟೈಟಾನ್, ಬ್ರಿಟಾನಿಯಾದಂಥ ದೊಡ್ಡ ಕಂಪನಿಗಳ ಬ್ರ್ಯಾಂಡ್ ಹುದ್ದೆಗಳು. ಅಂಥ ಕಡೆ ಬಹಳಷ್ಟು ಜನ ಐಐಎಂನಂಥ ದೊಡ್ಡ ಕಾಲೇಜುಗಳ ಕ್ಯಾಂಪಸ್‌ನಿಂದಲೇ ಬರುತ್ತಾರೆ. ಆ ಬಾಗಿಲು ಸಿಗದವರಿಗೆ ಸಾಫ್ಟ್‌ವೇರ್ ಕಂಪನಿಗಳು, ಆಸ್ಪತ್ರೆಗಳು, ಆನ್‌ಲೈನ್‌ನಲ್ಲೇ ಮಾರುವ ಹೊಸ ಬ್ರ್ಯಾಂಡ್‌ಗಳು ಇವೆ.

ಉದ್ಯಮ ಯಾವುದು ಎಂಬುದನ್ನೂ ನೋಡಿ. 2025ರ ಆಗಸ್ಟ್‌ನಲ್ಲಿ ಸಂಸತ್ತು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಆ ಕಂಪನಿಗಳು ಜಾಹೀರಾತಿಗೆ ನೀರಿನಂತೆ ಹಣ ಸುರಿಯುತ್ತಿದ್ದವು. ಕೆಲವೇ ದಿನಗಳಲ್ಲಿ ಎಲ್ಲ ನಿಂತಿತು. ಅಲ್ಲಿ ಒಳ್ಳೆ ಸಂಬಳದಲ್ಲಿದ್ದ ಮಾರ್ಕೆಟಿಂಗ್ ಜನ ಬೆಳಗಾಗುವುದರಲ್ಲಿ ಕೆಲಸ ಹುಡುಕುವಂತಾಯಿತು. ತಪ್ಪು ಅವರದಲ್ಲ. ಆದರೆ ಯಾವ ಸಂಕಟ ಬಂದರೂ ಕಂಪನಿಗಳು ಮೊದಲು ಕೈ ಹಾಕುವುದು ಮಾರ್ಕೆಟಿಂಗ್ ಬಜೆಟ್‌ಗೇ. ಆರು ತಿಂಗಳ ಮನೆ ಖರ್ಚು ಪಕ್ಕಕ್ಕಿಟ್ಟುಕೊಂಡೇ ಈ ಕೆಲಸದಲ್ಲಿ ಇರಬೇಕು ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಮುಂದೆ ಈ ಕೆಲಸ ಉಳಿಯುತ್ತದಾ ಎಂದು ಈಗ ಎಲ್ಲರೂ ಕೇಳುತ್ತಾರೆ. ಪೋಸ್ಟ್ ಬರೆಯುವುದು, ಬ್ಯಾನರ್ ಮಾಡುವುದು ಇಷ್ಟೇ ಗೊತ್ತಿದ್ದವರಿಗೆ ಕಷ್ಟವಿದೆ. ಎಐ ಆ ಕೆಲಸವನ್ನು ನಿಮಿಷದಲ್ಲಿ ಮಾಡುತ್ತಿದೆ. ಸಂದರ್ಶನದಲ್ಲಿ ನಾನು ಕೇಳುವ ಮೊದಲ ಪ್ರಶ್ನೆ, "ನಿಮ್ಮ ಕೈಲಿ ಎಷ್ಟು ಬಜೆಟ್ ಇತ್ತು, ಒಬ್ಬ ಹೊಸ ಗ್ರಾಹಕ ಸಿಗೋಕೆ ಎಷ್ಟು ಖರ್ಚಾಯ್ತು?" ತುಂಬಾ ಜನ ಫಾಲೋವರ್ಸ್ ಲೆಕ್ಕ ಹೇಳುತ್ತಾರೆ.

ಒಬ್ಬ ಹುಡುಗ ಮಾತ್ರ ನೆನಪಲ್ಲಿ ಉಳಿದಿದ್ದಾನೆ. ಹುಬ್ಬಳ್ಳಿಯ ಸಣ್ಣ ಮಸಾಲೆ ಪುಡಿ ಕಂಪನಿಯಲ್ಲಿದ್ದವನು. ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಆ ವರ್ಷದ ಬಜೆಟ್ಟೇ ಬೇರೆ ಇಡಬೇಕು ಎಂದ. ಹಾವೇರಿಯ ಅಂಗಡಿಯವರು 10 ರೂಪಾಯಿ ಪ್ಯಾಕೆಟ್ ಇಲ್ಲದಿದ್ದರೆ ಮಾಲು ಇಳಿಸಿಕೊಳ್ಳುವುದಿಲ್ಲ ಎಂದ. ಯಾವ ಊರಲ್ಲಿ ಕರಪತ್ರ ವ್ಯರ್ಥ, ಯಾವ ಊರಲ್ಲಿ ಗೋಡೆ ಬರಹ ಕೆಲಸ ಮಾಡುತ್ತದೆ ಎಂಬ ಲೆಕ್ಕ ಅವನ ನೋಟ್‌ಬುಕ್ಕಿನಲ್ಲಿತ್ತು. ಇಂಗ್ಲಿಷ್ ಅಷ್ಟಕ್ಕಷ್ಟೇ. ನಾನು ಅವನನ್ನು ಬೆಂಗಳೂರಿನ ಕಂಪನಿಯೊಂದಕ್ಕೆ ಕಳಿಸಿದೆ, ಹಿಂದಿನ ಸಂಬಳದ ಎರಡು ಪಟ್ಟು ಸಿಕ್ಕಿತು. ಕನ್ನಡ ನಾಡಿನ ಗ್ರಾಹಕರನ್ನು ಬಲ್ಲವರು ಬೇಕು ಎಂದು ಈಗ ಕಂಪನಿಗಳೇ ಕೇಳುತ್ತಿವೆ. ಇಂಗ್ಲಿಷ್‌ನಲ್ಲಿ ಯೋಚಿಸಿ ಕನ್ನಡಕ್ಕೆ ತಿರುಗಿಸಿದ ಮೆಸೇಜ್‌ಗಳನ್ನು ಜನ ಓದದೆ ಅಳಿಸುತ್ತಾರೆ ಎಂಬುದು ಅವರಿಗೂ ಗೊತ್ತಾಗಿದೆ.

ದಾವಣಗೆರೆಯವರು ಅವತ್ತೇ ಮೊದಲ ಕಂಪನಿಗೆ ಮೇಲ್ ಹಾಕಿ ವೇರಿಯಬಲ್ ಬಗ್ಗೆ ಕೇಳಿದರು. ಮೂರು ದಿನಕ್ಕೆ ಉತ್ತರ ಬಂತು. ಒಂದು ವರ್ಷ 55%, ಇನ್ನೊಂದು ವರ್ಷ 70%. ಎರಡನೇ ಕಂಪನಿಗೂ ಒಂದು ಪ್ರಶ್ನೆ ಕಳಿಸಿದ್ದರು, ಬಜೆಟ್ ನನ್ನ ಕೈಲಿರುತ್ತದಾ ಎಂದು. ಉತ್ತರ ಕರ್ನಾಟಕದ ಬಜೆಟ್ ಪೂರ್ತಿ ನಿಮ್ಮದೇ ಎಂದು ಅವರು ಬರೆದುಕೊಟ್ಟರು. ಮೊನ್ನೆ ನಾನು ಫೋನ್ ಮಾಡಿದಾಗ ಆ ಹೆಣ್ಣುಮಗಳು ಕೊಪ್ಪಳದ ಒಂದು ಕಿರಾಣಿ ಅಂಗಡಿ ಮುಂದೆ ನಿಂತಿದ್ದರು. "ಸರ್, ಆಮೇಲೆ ಮಾತಾಡ್ತೀನಿ, ಇಲ್ಲಿ ಯಾಕೆ ನಮ್ಮ ಮಾಲು ಹಿಂದಿನ ಸಾಲಲ್ಲಿಟ್ಟಿದ್ದಾರೆ ಅಂತ ಕೇಳ್ತಿದೀನಿ" ಎಂದು ಇಟ್ಟರು.