ಕೋಟೆಯಿಲ್ಲದ ಫೋರ್ಟ್: ಮೊದಲ ಸಲ ಮುಂಬೈ ನೋಡುವವರಿಗೆ ಒಂದಿಷ್ಟು ಹಿನ್ನೆಲೆ

ಮೊದಲ ಸಲ ಮುಂಬೈಗೆ ಹೋದಾಗ ನಾನು ಟ್ಯಾಕ್ಸಿಯವರನ್ನು ಕೇಳಿದ ಪ್ರಶ್ನೆ ಇದು: "ಫೋರ್ಟ್ ಅಂತೀರಿ, ಕೋಟೆ ಎಲ್ಲಿ?" ಅವರು ನಕ್ಕು ಸುಮ್ಮನಾದರು. ಆಮೇಲೆ ಗೊತ್ತಾಯಿತು, ಫೋರ್ಟ್ ಅನ್ನುವುದು ಈಗ ಬರೀ ಒಂದು ಬಡಾವಣೆಯ ಹೆಸರು. ಚರ್ಚ್‌ಗೇಟ್‌ನಲ್ಲಿ ಗೇಟೂ ಇಲ್ಲ, ಧೋಬಿ ತಲಾವ್‌ನಲ್ಲಿ ಕೆರೆಯೂ ಇಲ್ಲ. ಈ ಊರಿನ ಹೆಸರುಗಳೆಲ್ಲ ಹೀಗೇ. ಇದ್ದದ್ದು ಹೋಗಿದೆ, ಹೆಸರು ಉಳಿದಿದೆ.

ಮುಂಬೈಯಲ್ಲಿ ನೋಡಲೇಬೇಕು ಅಂತ ಎಲ್ಲರೂ ಹೇಳುವ ಜಾಗಗಳಲ್ಲಿ ಮುಕ್ಕಾಲು ಪಾಲು ದಕ್ಷಿಣದ ತುದಿಯ ಮೂರು ನಾಲ್ಕು ಕಿಲೋಮೀಟರ್ ಒಳಗೇ ಇವೆ. ಹಾಗೇಕೆ ಅನ್ನುವುದಕ್ಕೆ ಉತ್ತರ ಆ ಮಾಯವಾದ ಕೋಟೆಯಲ್ಲೇ ಇದೆ.

ಬೊಂಬಾಯಿ ಮೊದಲು ಏಳು ದ್ವೀಪ. 1661ರಲ್ಲಿ ಪೋರ್ಚುಗಲ್ ರಾಜಕುಮಾರಿ ಇಂಗ್ಲೆಂಡಿನ ರಾಜನನ್ನು ಮದುವೆಯಾಗುವ ಒಪ್ಪಂದವಾದಾಗ ಬಳುವಳಿಯಾಗಿ ಹೋದದ್ದು. ರಾಜನಿಗೆ ಇದು ಅಷ್ಟೇನೂ ರುಚಿಸಲಿಲ್ಲ ಅನ್ನಿಸುತ್ತದೆ. 1668ರಲ್ಲಿ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟುಬಿಟ್ಟ. ಕಂಪನಿ ಕೋಟೆಯನ್ನು ಬೆಳೆಸಿತು, ಊರಿನ ಸುತ್ತ ಗೋಡೆ ಎಬ್ಬಿಸಿತು. ಗೋಡೆಯ ಹೊರಗೆ ಶತ್ರು ಬಂದರೆ ಫಿರಂಗಿಗೆ ಸರಿಯಾಗಿ ಕಾಣಬೇಕು ಅಂತ ದೊಡ್ಡ ಬಯಲು ಬಿಟ್ಟಿತು. ಇವತ್ತು ಹುಡುಗರು ಒಂದರ ಪಕ್ಕ ಒಂದು ಹತ್ತಾರು ಕ್ರಿಕೆಟ್ ಮ್ಯಾಚ್ ಆಡುವ ಓವಲ್, ಕ್ರಾಸ್, ಆಜಾದ್ ಮೈದಾನಗಳು ಆ ಬಯಲಿನ ಚೂರುಗಳು.

1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರಿಯರ್ ಗೋಡೆ ಕೆಡವಿಸಿದ. ಚರ್ಚಿನ ಕಡೆಗಿದ್ದ ಬಾಗಿಲು ಹೋದ ಜಾಗದಲ್ಲಿ 1864ರಲ್ಲಿ ಫ್ಲೋರಾ ಫೌಂಟನ್ ಬಂತು. ಅದೇ ಹೊತ್ತಿಗೆ ಅಮೆರಿಕದಲ್ಲಿ ಅಂತರ್ಯುದ್ಧ. ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುತ್ತಿದ್ದ ಹತ್ತಿ ನಿಂತಿತು, ಬೊಂಬಾಯಿಯ ಹತ್ತಿಗೆ ಬಂಗಾರದ ಬೆಲೆ ಬಂತು. ಇದರಲ್ಲಿ ನಮ್ಮ ಪಾಲೂ ಇದೆ. ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು, ಕುಮಟಾ ಬಂದರಿನಲ್ಲಿ ಹಡಗು ಹತ್ತಿ ಬೊಂಬಾಯಿ ಸೇರುತ್ತಿತ್ತು. ಲಿವರ್‌ಪೂಲ್ ಮಾರುಕಟ್ಟೆಯಲ್ಲಿ ಅದಕ್ಕೆ ಕುಮಟಾದ ಹೆಸರೇ ಇತ್ತು.

ಹತ್ತಿಯ ದುಡ್ಡು, ಖಾಲಿ ಜಾಗ, ಎರಡೂ ಒಟ್ಟಿಗೇ ಸಿಕ್ಕವು. 1865ರಲ್ಲಿ ಯುದ್ಧ ಮುಗಿದದ್ದೇ ಶೇರು ಪೇಟೆ ಮಗುಚಿತು, ಎಷ್ಟೋ ಸಾಹುಕಾರರು ಮುಳುಗಿದರು. ಆದರೆ ಕಟ್ಟಡ ಕಟ್ಟುವ ಕೆಲಸ ನಿಲ್ಲಲಿಲ್ಲ. ದಿವಾಳಿಯಾಗುವ ಮೊದಲು ಹತ್ತಿ ವ್ಯಾಪಾರಿ ಪ್ರೇಮಚಂದ್ ರಾಯಚಂದ್ ಕೊಟ್ಟ 2 ಲಕ್ಷ ರೂಪಾಯಿಯಿಂದ, ಅವರ ತಾಯಿಯ ಹೆಸರಿನಲ್ಲಿ ವಿಶ್ವವಿದ್ಯಾಲಯದ ರಾಜಾಬಾಯಿ ಗಡಿಯಾರ ಗೋಪುರ 1878ಕ್ಕೆ ಮುಗಿಯಿತು. ನಕ್ಷೆ ಬರೆದ ಗಿಲ್ಬರ್ಟ್ ಸ್ಕಾಟ್ ಬೊಂಬಾಯಿಗೆ ಒಮ್ಮೆಯೂ ಕಾಲಿಡಲಿಲ್ಲ! ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿನಿಂದ ಹೋಗಿ ಇಳಿಯುವ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ನಿಲ್ದಾಣವೂ 1878ರಿಂದ 1888ರವರೆಗೆ ಕಟ್ಟಿದ್ದು. ಇಳಿದ ಕೂಡಲೇ ಓಡಬೇಡಿ. ಹೊರಗೆ ಬಂದು ರಸ್ತೆ ದಾಟಿ, ತಿರುಗಿ ನೋಡಿ. ಕಂಬಗಳ ಮೇಲೆ ಕಲ್ಲಿನ ನವಿಲು, ಮಂಗ, ಎಲೆಬಳ್ಳಿ ಎಲ್ಲ ಇವೆ.

ನನ್ನ ಪ್ರಕಾರ ಮುಂಬೈಯನ್ನು ಅರ್ಥಮಾಡಿಕೊಳ್ಳಲು ಒಳ್ಳೆಯ ಜಾಗ ಗೇಟ್‌ವೇ ಆಫ್ ಇಂಡಿಯಾ ಅಲ್ಲ, ಓವಲ್ ಮೈದಾನ. ನಡುವೆ ನಿಂತು ಪೂರ್ವಕ್ಕೆ ನೋಡಿದರೆ ಹೈಕೋರ್ಟ್, ವಿಶ್ವವಿದ್ಯಾಲಯ, ಚೂಪು ಕಮಾನು, ಕಪ್ಪು ಕಲ್ಲು. ಪಶ್ಚಿಮಕ್ಕೆ ತಿರುಗಿದರೆ ದುಂಡು ಬಾಲ್ಕನಿಯ, ಐಸ್‌ಕ್ರೀಮ್ ಬಣ್ಣದ, ಆರ್ಟ್ ಡೆಕೊ ಅನ್ನುವ ಶೈಲಿಯ ಮನೆಗಳು. ಎರಡಕ್ಕೂ ಸೇರಿಸಿ 2018ರಲ್ಲಿ ಯುನೆಸ್ಕೊ ಮಾನ್ಯತೆ ಸಿಕ್ಕಿತು. ಪೂರ್ವದ ಸಾಲು ಕಟ್ಟಿದಾಗ ಅದರ ಎದುರು ಸಮುದ್ರ ಕಾಣುತ್ತಿತ್ತು. ಪಶ್ಚಿಮದ ಸಾಲು ಬಂದದ್ದು 1930ರ ದಶಕದಲ್ಲಿ, ಸಮುದ್ರವನ್ನು ಇನ್ನಷ್ಟು ಹಿಂದೆ ತಳ್ಳಿದ ಮೇಲೆ. ಅಂದರೆ ಸಂಜೆ ನೀವು ಕಡಲೆಕಾಯಿ ತಿನ್ನುತ್ತ ಕೂರುವ ಮರೀನ್ ಡ್ರೈವ್ ಇದೆಯಲ್ಲ, ಅದೂ ಸಮುದ್ರ ತುಂಬಿ ಮಾಡಿದ ನೆಲವೇ. ಆ ಕೆಲಸದ ಖರ್ಚು ಕೈಮೀರಿ, ಅವ್ಯವಹಾರದ ದೊಡ್ಡ ಗಲಾಟೆಯೇ ಆಯಿತು. ಅದನ್ನು ಬಯಲಿಗೆಳೆದ ವಕೀಲರು ಖುರ್ಷೆದ್ ನರಿಮನ್. ಮರೀನ್ ಡ್ರೈವ್‌ನ ಕೊನೆಗೆ ಮತ್ತೆ ಸಮುದ್ರ ತುಂಬಿ ಮಾಡಿದ ಜಾಗಕ್ಕೆ ನರಿಮನ್ ಪಾಯಿಂಟ್ ಅಂತಲೇ ಹೆಸರು. ತಮಾಷೆ ಅಲ್ವಾ?

ಇನ್ನು ಗೇಟ್‌ವೇ. 1911ರ ಡಿಸೆಂಬರ್ 2ರಂದು ದೊರೆ ಐದನೇ ಜಾರ್ಜ್ ಬಂದಿಳಿದ ನೆನಪಿಗೆ ಕಟ್ಟಿದ್ದು. ಕಟ್ಟಿ ಮುಗಿದದ್ದು 1924ರಲ್ಲಿ, ಹಾಗಾಗಿ ಅವನು ಬಂದಾಗ ಬಾಗಿಲೇ ಇರಲಿಲ್ಲ. ಬ್ರಿಟಿಷರ ಕೊನೆಯ ದಂಡು 1948ರ ಫೆಬ್ರವರಿ 28ರಂದು ಇದರೊಳಗಿಂದಲೇ ಹೊರಟುಹೋಯಿತು. ಹಡಗಿನಲ್ಲಿ ಬರುವವರಿಗಾಗಿ ಕಟ್ಟಿದ್ದರಿಂದ ಇದರ ಮುಖ ಸಮುದ್ರಕ್ಕಿದೆ. ದಡದಲ್ಲಿ ನಿಂತು ನಾವೆಲ್ಲ ಫೋಟೊ ತೆಗೆಯುವುದು ಬೆನ್ನಿನದು. ಮುಖ ನೋಡಬೇಕಾದರೆ ಎಲಿಫೆಂಟಾ ದ್ವೀಪಕ್ಕೆ ಹೋಗುವ ದೋಣಿ ಹತ್ತಬೇಕು.

ಆ ದೋಣಿ ಹತ್ತಿಬಿಡಿ. ಸೋಮವಾರ ಅಲ್ಲಿನ ಗುಹೆಗಳಿಗೆ ರಜೆ, ಅದೊಂದು ನೆನಪಿರಲಿ. ಸುಮಾರು ಒಂದು ತಾಸಿನ ದಾರಿ. ಆ ದ್ವೀಪದ ಊರಿನ ಹೆಸರು ಘಾರಾಪುರಿ. 634ರ ಐಹೊಳೆ ಶಾಸನದಲ್ಲಿ, ಮದಿಸಿದ ಆನೆಗಳಂಥ ನೂರಾರು ಹಡಗು ತಂದು ಇಮ್ಮಡಿ ಪುಲಕೇಶಿ 'ಪುರಿ'ಯನ್ನು ಮುತ್ತಿದ ಮಾತು ಬರುತ್ತದೆ. ಆ ಪುರಿ ಇದೇ ಅನ್ನುವ ಇತಿಹಾಸಕಾರರಿದ್ದಾರೆ, ಒಪ್ಪದವರೂ ಇದ್ದಾರೆ. ಒಳಗೆ ಕತ್ತಲಲ್ಲಿ 20 ಅಡಿ ಎತ್ತರದ, ಮೂರು ಮುಖದ ಸದಾಶಿವ. ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೆ ಸ್ವಲ್ಪ ಕಾಯಿರಿ, ಆಮೇಲೆ ಒಂದೊಂದಾಗಿ ಮುಖಗಳು ತೆರೆದುಕೊಳ್ಳುತ್ತವೆ.

ಎಲಿಫೆಂಟಾ ಅನ್ನುವ ಹೆಸರು ಪೋರ್ಚುಗೀಸರು ಇಟ್ಟದ್ದು, ಅಲ್ಲಿದ್ದ ಕಲ್ಲಾನೆ ನೋಡಿ. ಈಗ ದ್ವೀಪದಲ್ಲಿ ಆ ಆನೆ ಇಲ್ಲ! 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಎತ್ತುವಾಗ ಬಿದ್ದು ಚೂರಾಯಿತು. ಚೂರುಗಳನ್ನು ಜೋಡಿಸಿ ಬೈಕಲ್ಲಾದ ಭಾವು ದಾಜಿ ಲಾಡ್ ಮ್ಯೂಸಿಯಂ ಪಕ್ಕ ನಿಲ್ಲಿಸಿದ್ದಾರೆ. ಸಿಎಸ್‌ಎಂಟಿಯಿಂದ ಲೋಕಲ್ ಹತ್ತಿದರೆ ಮೂರನೇ ಸ್ಟೇಷನ್. ಬುಧವಾರ ಬೇಡ, ಮ್ಯೂಸಿಯಂ ಮುಚ್ಚಿರುತ್ತದೆ.

ಅಷ್ಟು ಹೊತ್ತಿಗೆ ಹಸಿವಾಗಿರುತ್ತದೆ. ಅದೇ ಲೈನಿನಲ್ಲಿ ಮುಂದೆ ಮಾಟುಂಗಾ. 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಇರುವುದು ಅಲ್ಲೇ, ಹೂವಿನಂಗಡಿ, ಫಿಲ್ಟರ್ ಕಾಫಿ, ಬಾಳೆಲೆ ಊಟವೂ ಅಲ್ಲೇ. ಇಲ್ಲಿ ಬೋರ್ಡಿನ ಮೇಲೆ ಉಡುಪಿ ಅಂತಿದ್ದರೆ ಸಾಂಬಾರಿನಲ್ಲಿ ಬೆಲ್ಲ ಇದ್ದೇ ಇರುತ್ತದೆ.