ಬೆಟ್ಟ ಕ್ವೀನ್, ದೇಶಬಂಧು, ಏಡಿ: ರೈಲು ಎಂಜಿನ್‌ಗಳು ಹೆಸರು ಪಡೆದ ಬಗೆ

ನೀಲಗಿರಿಯ ಪುಟ್ಟ ರೈಲನ್ನು ಎಳೆಯುವ, ಸರಿಯಾಗಿ ಹೇಳಬೇಕೆಂದರೆ ತಳ್ಳುವ, ಉಗಿ ಎಂಜಿನ್‌ಗಳಲ್ಲಿ ಒಂದರ ಹೆಸರು ‘ಬೆಟ್ಟ ಕ್ವೀನ್’. ತಮಿಳುನಾಡಿನ ಎಂಜಿನ್ ಮೇಲೆ ‘ಮಲೈ’ ಬದಲು ‘ಬೆಟ್ಟ’ ಹೇಗೆ ಬಂತು ಎಂದು ಮೈಸೂರು, ಗುಂಡ್ಲುಪೇಟೆ ಕಡೆಯಿಂದ ಹೋದವರಿಗೆ ಅಚ್ಚರಿ. ಆದರೆ ಇದು ಬಡಗರ ನೆಲ. ಅವರ ನುಡಿ ಕನ್ನಡಕ್ಕೆ ತೀರ ಹತ್ತಿರದ್ದು, ಅವರಿಗೂ ಬೆಟ್ಟ ಬೆಟ್ಟವೇ. ‘ಕ್ವೀನ್’ ಬದಲು ‘ರಾಣಿ’ ಎಂದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಜೊತೆಯ ಇನ್ನೊಂದು ಎಂಜಿನ್ ‘ನೀಲ ಕುರಿಂಜಿ’. ಎರಡೂ ತಿರುಚಿರಾಪಳ್ಳಿಯ ಪೊನ್ಮಲೈ ಕಾರ್ಖಾನೆಯಲ್ಲಿ ಈ ಶತಮಾನದಲ್ಲಿ ತಯಾರಾದವು. ಕಲ್ಲಿದ್ದಲಲ್ಲ, ಎಣ್ಣೆ ಉರಿಸುವಂಥವು.

ಎಂಜಿನ್‌ಗೆ ಊರಿನವರ ಮಾತಿನ ಹೆಸರಿಡುವುದು ಹೊಸ ಚಾಳಿ. ಮೊದಲು ಹೆಸರಿನ ಹಕ್ಕು ಇದ್ದದ್ದು ದೊರೆಗಳಿಗೆ. 1851ರಲ್ಲಿ ರೂರ್ಕಿಯ ಸೋಲಾನಿ ಮೇಲ್ಗಾಲುವೆ ಕಟ್ಟುವಾಗ ಮಣ್ಣು ಹೊತ್ತ ಎಂಜಿನ್‌ಗೆ ಅಲ್ಲಿನ ಲೆಫ್ಟಿನೆಂಟ್ ಗವರ್ನರ್ ಥಾಮಸನ್ ಅವರ ಹೆಸರು. 1853ರ ಏಪ್ರಿಲ್ 16ರಂದು ಮುಂಬೈನ ಬೋರಿ ಬಂದರಿನಿಂದ ಠಾಣೆಗೆ 14 ಡಬ್ಬಿಗಳ ಮೊದಲ ಪ್ರಯಾಣಿಕ ರೈಲನ್ನು ಎಳೆದ ಮೂರು ಎಂಜಿನ್‌ಗಳು ಸಾಹಿಬ್, ಸಿಂಧ್, ಸುಲ್ತಾನ್. 1855ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ತಯಾರಾದ ‘ಫೇರಿ ಕ್ವೀನ್’ ಮಾತ್ರ ಈ ಗತ್ತಿಗೆ ಹೊರತು.

ಆಗ ಎಂಜಿನ್‌ಗಳು ಬೆರಳೆಣಿಕೆಯಷ್ಟು. ಆನೆ ಲಾಯದಲ್ಲಿ ಒಂದೊಂದು ಆನೆಗೂ ಹೆಸರಿಟ್ಟ ಹಾಗೆ ಇಟ್ಟರೆ ಸಾಕಿತ್ತು. ಸಂಖ್ಯೆ ನೂರಾರು ದಾಟಿದಾಗ, ಯಾವ ಬಿಡಿಭಾಗ ಯಾವುದಕ್ಕೆ ಹೊಂದುತ್ತದೆ, ಬಾಯ್ಲರ್ ಯಾವಾಗ ತೊಳೆದದ್ದು ಎಂದು ಪುಸ್ತಕದಲ್ಲಿ ಬರೆಯಲು ಹೆಸರು ಕೆಲಸಕ್ಕೆ ಬರಲಿಲ್ಲ. ಅಕ್ಷರ, ಅಂಕಿ ಬಂದವು. ಈಗಿನ ಕ್ರಮದಲ್ಲಿ ಮೊದಲ ಅಕ್ಷರ ಹಳಿಯ ಅಗಲ: ಬ್ರಾಡ್‌ಗೇಜ್‌ಗೆ ಡಬ್ಲ್ಯು, ಮೀಟರ್‌ಗೇಜ್‌ಗೆ ವೈ. ಆಮೇಲಿನದು ಶಕ್ತಿ: ಡಿ ಎಂದರೆ ಡೀಸೆಲ್, ಎ ಎಂದರೆ ಎಸಿ ವಿದ್ಯುತ್. ಕೊನೆಯದು ಕೆಲಸ: ಪಿ ಪ್ರಯಾಣಿಕರಿಗೆ, ಜಿ ಸರಕಿಗೆ, ಎಂ ಎರಡಕ್ಕೂ. ಹೊಸಬರು ಎಡವುವುದು ಅಂಕಿಯಲ್ಲಿ. ಡಬ್ಲ್ಯುಡಿಎಂ-3ಎ ಎಂದರೆ 3100 ಅಶ್ವಶಕ್ತಿ: 3 ಎಂದರೆ ಮೂರು ಸಾವಿರ, ಎ ಎಂದರೆ ಮೇಲೊಂದು ನೂರು. ಅದೇ ಲೆಕ್ಕದಲ್ಲಿ ಡಬ್ಲ್ಯುಎಪಿ-7ಕ್ಕೆ 7000 ಎಂದುಕೊಂಡರೆ ತಪ್ಪು, ಅದರದ್ದು 6350. ವಿದ್ಯುತ್ ಎಂಜಿನ್‌ಗಳಲ್ಲಿ, ಹಳೆಯ ಡೀಸೆಲ್‌ಗಳಲ್ಲೂ, ಅಂಕಿ ಬರೀ ಮಾದರಿಯ ಸರದಿ. ನೀಲಗಿರಿಯ ಉಗಿ ಎಂಜಿನ್‌ಗಳ ‘ಎಕ್ಸ್’ ವರ್ಗವಂತೂ ಈ ವ್ಯಾಕರಣಕ್ಕೇ ಸೇರಿಲ್ಲ. ಸ್ವಾತಂತ್ರ್ಯಪೂರ್ವದ ಕ್ರಮದಲ್ಲಿ ಎಕ್ಸ್ ಎಂದರೆ ಬ್ರಾಡ್‌ಗೇಜ್, ನೀಲಗಿರಿಯದು ಮೀಟರ್‌ಗೇಜ್!

ಗಾಲಿಗಳ ಜೋಡಣೆಗೂ ಹೆಸರುಂಟು. ಅದರಲ್ಲೇ ಅತಿ ವಿಚಿತ್ರವಾದದ್ದು ಸಿಗುತ್ತದೆ. 1897ರಲ್ಲಿ ಅಮೆರಿಕದ ಬಾಲ್ಡ್ವಿನ್ ಕಂಪನಿ ಜಪಾನಿಗೆ 2-8-2 ಎಂಜಿನ್‌ಗಳನ್ನು, ಅಂದರೆ ಮುಂದೆ ಎರಡು, ನಡುವೆ ಎಂಟು, ಹಿಂದೆ ಎರಡು ಗಾಲಿ ಇರುವಂಥವನ್ನು, ಕಟ್ಟಿಕೊಟ್ಟಿತು. ಆ ಜೋಡಣೆಗೆ ಜಪಾನ್ ಚಕ್ರವರ್ತಿಯ ಬಿರುದು ‘ಮಿಕಾಡೊ’ ಅಂಟಿತು. 1941ರ ಪರ್ಲ್ ಹಾರ್ಬರ್ ದಾಳಿಯ ನಂತರ ಅಮೆರಿಕನ್ನರಿಗೆ ಆ ಹೆಸರು ಸಹಿಸಲಿಲ್ಲ, ತಮ್ಮ ಸೇನಾಪತಿ ‘ಮೆಕಾರ್ಥರ್’ ಹೆಸರನ್ನು ತಂದರು. ಯುದ್ಧಕಾಲದಲ್ಲಿ ಭಾರತದ ಮೀಟರ್‌ಗೇಜ್ ಹಳಿಗಳಿಗೆ ಅಮೆರಿಕದಿಂದ ಬಂದ ಎಂಜಿನ್‌ಗಳು ಈ ಮೆಕಾರ್ಥರ್‌ಗಳೇ.

ಸ್ವಾತಂತ್ರ್ಯದ ನಂತರ ಗವರ್ನರ್‌ಗಳ ಜಾಗಕ್ಕೆ ನಾಯಕರು ಬಂದರು. ಚಿತ್ತರಂಜನ್ ಕಾರ್ಖಾನೆಯಿಂದ 1950ರ ನವೆಂಬರ್ 1ರಂದು ಹೊರಬಂದ ಮೊದಲ ಉಗಿ ಎಂಜಿನ್ 8401ರ ಹೆಸರು ‘ದೇಶಬಂಧು’, ಅಂದರೆ ಚಿತ್ತರಂಜನ್ ದಾಸ್. 1961ರ ಮೊದಲ ವಿದ್ಯುತ್ ಎಂಜಿನ್ ‘ಲೋಕಮಾನ್ಯ’. 1963ರ ಮೊದಲ ಎಸಿ ಎಂಜಿನ್ ‘ಬಿಧಾನ್’, ಬಂಗಾಳದ ಮುಖ್ಯಮಂತ್ರಿಯಾಗಿದ್ದ ಬಿಧಾನ್ ಚಂದ್ರ ರಾಯ್ ಹೆಸರು. ಇವುಗಳಿಗಿಂತ ನಮಗೆ ಹಿಡಿಸುವುದು, 1970ರಲ್ಲಿ ಅಲ್ಲೇ ತಯಾರಾದ ಕೊನೆಯ ಬ್ರಾಡ್‌ಗೇಜ್ ಉಗಿ ಎಂಜಿನ್‌ಗೆ ಇಟ್ಟ ‘ಅಂತಿಮ್ ಸಿತಾರಾ’, ಅಂದರೆ ಕೊನೆಯ ತಾರೆ. ಹೆಸರಿಡುವ ಕಚೇರಿಯೊಳಗೆ ಆ ದಿನ ಯಾರೋ ಕವಿ ಕೂತಿದ್ದಿರಬೇಕು.

ಫಲಕದ ಹೆಸರು ಮೇಲಿನಿಂದ ಬಂದರೆ ಶೆಡ್ಡಿನ ಹೆಸರು ಹಳಿಯ ಮಗ್ಗುಲಲ್ಲೇ ಹುಟ್ಟುತ್ತದೆ. 1920ರ ದಶಕದ ಕೊನೆಗೆ ಮುಂಬೈನ ಘಾಟಿಗಳಿಗೆ ಬಂದ ಡಬ್ಲ್ಯುಸಿಜಿ-1 (ಇಲ್ಲಿ ಸಿ ಎಂದರೆ ಡಿಸಿ ವಿದ್ಯುತ್) ಸರಕು ಎಂಜಿನ್‌ಗಳಿಗೆ ಹಿಂದೆ ಮುಂದೆ ಉದ್ದ ಮೂತಿ, ನಡುವೆ ಚಾಲಕರ ಗೂಡು, ಗಾಲಿಗಳ ಹೊರಗೆ ತಿರುಗುವ ಕೂಡುಕಡ್ಡಿ. ಫಲಕದಲ್ಲಿ ಒಂದಕ್ಕೆ ‘ಸರ್ ಲೆಸ್ಲಿ ವಿಲ್ಸನ್’ ಎಂದಿದ್ದರೂ ಜನರ ಬಾಯಲ್ಲಿ ಅಷ್ಟೂ ‘ಖೇಕಡಾ’, ಅಂದರೆ ಏಡಿ. ಈಗ ದೆಹಲಿಯ ರೈಲು ಸಂಗ್ರಹಾಲಯದಲ್ಲಿರುವ ಆ ಸರ್ ಸಾಹೇಬರನ್ನೂ ನೋಡಬಂದವರು ಏಡಿಯೆಂದೇ ಗುರುತಿಸುತ್ತಾರೆ. ಕಿಟಕಿ ದೊಡ್ಡದು ಮಾಡಿದ ಡಬ್ಲ್ಯುಡಿಎಂ-2ಗಳಿಗೆ ಹೀಗೆಯೇ ‘ಜಂಬೋ’ ಎಂದು ಬಿತ್ತು.

ಏಡಿಗಳಲ್ಲಿ ಮೊದಲಿನವನ್ನು ಕಟ್ಟಿದ್ದು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಕಾರ್ಖಾನೆ. ನೀಲಗಿರಿಯ ಹಳೆಯ ಎಕ್ಸ್ ಎಂಜಿನ್‌ಗಳೂ ಅಲ್ಲಿಯವೇ. ಗಾಲಿ ಲೆಕ್ಕದಲ್ಲಿ ಇವು 0-8-2: ಮುಂದೆ ಸಣ್ಣ ಗಾಲಿಯಿಲ್ಲ, ನಡುವೆ ಎಂಟು, ಹಿಂದೆ ಎರಡು. ಪಕ್ಕದಲ್ಲಿ ನಿಂತು ನೋಡಿದರೆ ಒಂದರ ಮೇಲೊಂದು ಸಿಲಿಂಡರ್. ಕೆಳಗಿನದು ಗಾಲಿಗಳನ್ನು ತಿರುಗಿಸಿದರೆ, ಅಲ್ಲಿ ಕೆಲಸ ಮುಗಿಸಿದ ಉಗಿ ಮೇಲಿನದಕ್ಕೆ ಹೋಗಿ, ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಕಚ್ಚುವ ಹಲ್ಲುಗಾಲಿಯನ್ನು ತಿರುಗಿಸುತ್ತದೆ. ಮಳೆಗೆ ಹಳಿ ನೆನೆದು ಗಾಲಿ ಜಾರಿದರೆ ಮೇಲಿನ ಸಿಲಿಂಡರ್‌ಗೆ ಹೆಚ್ಚು ಉಗಿ ಸಿಗುತ್ತದೆ, ಹಲ್ಲು ಇನ್ನಷ್ಟು ಬಲವಾಗಿ ಕಚ್ಚುತ್ತದೆ. ಕಲ್ಲಾರ್‌ನಿಂದ ಕೂನೂರಿನವರೆಗೆ ಹಳಿ ಸುಮಾರು 12 ಅಡಿಗೆ ಒಂದು ಅಡಿ ಏರುವ ಕಡೆ ಬೇಕಾದದ್ದೇ ಅದು.

‘ಬೆಟ್ಟ ಕ್ವೀನ್’ ಎಂದು ಓದಬೇಕೆಂದರೆ ಮೆಟ್ಟುಪಾಳ್ಯದಲ್ಲಿ ರೈಲಿನ ಬಾಲದ ಕಡೆ ನಡೆಯಬೇಕು. ಏರುವಾಗ ಎಂಜಿನ್ ಇರುವುದು ಕೆಳತುದಿಗೆ, ಕೊಂಡಿ ಕಳಚಿದರೂ ಡಬ್ಬಿಗಳು ಇಳಿಜಾರಿಗೆ ಉರುಳಬಾರದೆಂದು. ಕೂನೂರಿನಿಂದ ಮುಂದೆ ಊಟಿಗೆ ಸಾಮಾನ್ಯವಾಗಿ ಡೀಸೆಲ್ ಎಂಜಿನ್. ಅದರ ಮೇಲೆ ವೈಡಿಎಂ-4 ಎಂದಿರುತ್ತದೆ: ಮೀಟರ್‌ಗೇಜ್, ಡೀಸೆಲ್, ಎರಡೂ ಕೆಲಸಕ್ಕೆ.