ತಿಂಗಳ ಚಂದಾ ಕಟ್ಟಿದಿರಿ, ಆಡಿದ್ದೆಷ್ಟು?

ದಸರಾ ರಜೆ ಮುಗಿದ ವಾರ ಸರಸ್ವತಿಪುರಂನ ನನ್ನ ಸರ್ವಿಸ್ ಅಂಗಡಿಗೆ ತಾಯಿ, ಮಗ ಬಂದರು. ಟಿವಿಗೆ ಹಾಕಿ ಆಡುವ ಪಿಎಸ್5 ಪೆಟ್ಟಿಗೆಯ ಎಚ್‌ಡಿಎಂಐ ಪೋರ್ಟ್, ಅಂದರೆ ಟಿವಿ ಕೇಬಲ್ ಸಿಕ್ಕಿಸುವ ಕಿಂಡಿ, ಮುರಿದಿತ್ತು. ಕೇಬಲ್ ನಡುಮನೆಗೆ ಅಡ್ಡ ಬಿದ್ದಿರುವ ಮನೆಗಳಲ್ಲಿ ಇದು ಮಾಮೂಲು. ಮಗ ಹತ್ತನೇ ಕ್ಲಾಸು, ತಾಯಿ ಹೈಸ್ಕೂಲ್ ಟೀಚರ್. ರಿಪೇರಿ ಖರ್ಚಿನ ಮಾತು ಮುಗಿದ ಮೇಲೆ ಆಕೆ ಬ್ಯಾಗಿನಿಂದ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದರು. ಒಂಬತ್ತು ಕಡೆ ಪೆನ್ಸಿಲ್ ಗೆರೆ.

"ಸರ್, ಇದು ತಿಂಗಳು ತಿಂಗಳೂ ಕಟ್ ಆಗ್ತಿದೆ. ಆಟ ಒಂದ್ಸಲ ತಗೊಂಡ್ರೆ ಮುಗೀತು ಅಂದ್ಕೊಂಡಿದ್ದೆ. ಇದೇನು ಮೋಸಾನಾ?"

ಮೋಸವಲ್ಲ ಮೇಡಂ, ಆಟದ ಸೇವೆಯ ತಿಂಗಳ ಚಂದಾ ಅಂದೆ. ಆದರೆ ಆ ಚಂದಾದಿಂದ ನಿಮ್ಮ ಮನೆಗೆ ಲಾಭವೋ ನಷ್ಟವೋ ಅನ್ನುವುದು ಈ ಕಾಗದದಲ್ಲಿ ಕಾಣುವುದಿಲ್ಲ, ಪೆಟ್ಟಿಗೆಯೊಳಗೇ ಇದೆ ಅಂತ ಹೇಳಿದೆ.

ಮರುದಿನ ಪೋರ್ಟ್ ಬದಲಿಸಿ ಟಿವಿಗೆ ಹಾಕಿದಾಗ ಹುಡುಗನ ಒಪ್ಪಿಗೆ ಕೇಳಿಯೇ ಅವನ ಪ್ರೊಫೈಲ್ ತೆರೆದೆವು. ಯಾವ ಆಟವನ್ನು ಎಷ್ಟು ಗಂಟೆ ಆಡಿದ್ದೀರಿ ಎಂದು ಪಿಎಸ್5 ಅಲ್ಲೇ ತೋರಿಸುತ್ತದೆ. ಫುಟ್‌ಬಾಲ್ ಆಟ ನಾನೂರು ಗಂಟೆ ದಾಟಿತ್ತು. ಅದರ ಕೆಳಗೆ ಕ್ರಿಕೆಟ್, ಅರವತ್ತು ಚಿಲ್ಲರೆ. ಅದರ ಕೆಳಗೆ ಇಪ್ಪತ್ತಕ್ಕೂ ಹೆಚ್ಚು ಆಟಗಳು, ಬಹುತೇಕ ಎಲ್ಲದರ ಎದುರೂ ಒಂದು ಗಂಟೆಗಿಂತ ಕಡಿಮೆ. ಡೌನ್‌ಲೋಡ್ ಮಾಡಿ, ಮೊದಲ ದೃಶ್ಯ ನೋಡಿ, ಬಿಟ್ಟದ್ದು.

ಪಿಎಸ್5 ತಯಾರಿಸುವ ಸೋನಿಯ ಈ ಚಂದಾದ ಹೆಸರು ಪ್ಲೇಸ್ಟೇಷನ್ ಪ್ಲಸ್. ಅದಕ್ಕೆ ನಮ್ಮಲ್ಲಿ ಮೂರು ಹಂತ: ಎಸೆನ್ಷಿಯಲ್, ಎಕ್ಸ್‌ಟ್ರಾ, ಡೀಲಕ್ಸ್. 2022ರ ಜೂನ್‌ನಿಂದ ಹೀಗಿದೆ. ಇಂಟರ್ನೆಟ್‌ನಲ್ಲಿ ಗೆಳೆಯರ ಜೊತೆ ಫುಟ್‌ಬಾಲ್ ಆಡಲು ಕೆಳಗಿನ ಹಂತ ಸಾಕು. ನೂರಾರು ಆಟಗಳ ಭಂಡಾರ ಬೇಕಾದವರಿಗೆ ಮೇಲಿನ ಎರಡು. ಈ ಹುಡುಗ ಕಟ್ಟುತ್ತಿದ್ದದ್ದು ಡೀಲಕ್ಸ್‌ಗೆ, ಆಡುತ್ತಿದ್ದದ್ದು ಎಸೆನ್ಷಿಯಲ್‌ನಲ್ಲಿ ಸಿಗುವುದನ್ನು. ಇನ್ನೊಂದು ಮಾತು: ಫೋರ್ಟ್‌ನೈಟ್‌ನಂಥ ಉಚಿತ ಆಟಗಳನ್ನು ಆನ್‌ಲೈನ್ ಆಡಲು ಯಾವ ಹಂತವೂ ಬೇಡ. ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಕಟ್ಟಿದವರನ್ನು ನಾನು ನೋಡಿದ್ದೇನೆ. ನನಗೆ ನಿಜವಾಗಿ ಸಂಕಟವಾಗುವುದು ಇಂಥ ಕಡೆ.

ನಮ್ಮ ಬಡಾವಣೆಯ ಮೆಸ್‌ಗಳನ್ನೇ ನೋಡಿ. ತಿಂಗಳ ದುಡ್ಡು ಕಟ್ಟಿ ದಿನಾ ಎರಡು ಹೊತ್ತು ಉಣ್ಣುವವನಿಗೆ ಲೆಕ್ಕ ಗಿಟ್ಟುತ್ತದೆ. ಶುಕ್ರವಾರ ಸಂಜೆಯೇ ಮಂಡ್ಯದ ಬಸ್ ಹತ್ತಿ ಸೋಮವಾರ ಬರುವವನಿಗೆ ಗಿಟ್ಟುವುದಿಲ್ಲ. ಊಟ ಅದೇ, ಅಡುಗೆಯವರೂ ಅವರೇ. ಆಟದ ಚಂದಾವನ್ನೂ ಹಾಗೆ ನಿಮ್ಮ ಗಂಟೆಗಳಿಂದ ಅಳೆಯಬೇಕು, ಪಟ್ಟಿಯಲ್ಲಿ ಎಷ್ಟು ಆಟ ಇವೆ ಎನ್ನುವುದರಿಂದಲ್ಲ.

ಗಿಟ್ಟಿಸಿಕೊಳ್ಳುವವರು ಖಂಡಿತ ಇದ್ದಾರೆ. ಪಾಂಡವಪುರ ಕಡೆಯ ಇಂಜಿನಿಯರಿಂಗ್ ಹುಡುಗನೊಬ್ಬ ಲ್ಯಾಪ್‌ಟಾಪ್ ಫ್ಯಾನ್ ಬದಲಿಸಲು ಬಂದಿದ್ದ. ಸೆಮಿಸ್ಟರ್ ರಜೆಯಲ್ಲಿ ಎರಡು ತಿಂಗಳು ಮೈಕ್ರೋಸಾಫ್ಟ್‌ನ ಆಟದ ಚಂದಾ ಪಿಸಿ ಗೇಮ್ ಪಾಸ್ ಹಾಕಿಸಿ ನಾಲ್ಕು ಕಥಾ ಆಟ ಮುಗಿಸಿದ್ದ. 'ಕ್ಲೇರ್ ಅಬ್ಸ್‌ಕ್ಯೂರ್' ಅವುಗಳಲ್ಲೊಂದು. ಅದು 2025ರ ಏಪ್ರಿಲ್‌ನಲ್ಲಿ ಬಿಡುಗಡೆಯಾದ ದಿನವೇ ಗೇಮ್ ಪಾಸ್‌ನಲ್ಲಿ ಸಿಕ್ಕಿತ್ತು. ಒಂದೊಂದನ್ನೇ ಕೊಂಡಿದ್ದರೆ ಅವನಿಗೆ ಹಲವು ಪಟ್ಟು ಖರ್ಚಾಗುತ್ತಿತ್ತು. ಕಾಲೇಜು ಶುರುವಾದ ದಿನ ನಿಲ್ಲಿಸಿದ. ಚಂದಾವನ್ನು ಇವನಷ್ಟು ಚೆನ್ನಾಗಿ ಬಳಸಿದವರು ನನ್ನ ಗಿರಾಕಿಗಳಲ್ಲಿ ಕಡಿಮೆ.

ಬೆಲೆಯ ವಿಷಯಕ್ಕೆ ಬರೋಣ. ಗೇಮ್ ಪಾಸ್ 2017ರಲ್ಲಿ ಶುರುವಾದಾಗ ಅಮೆರಿಕದಲ್ಲಿ ತಿಂಗಳಿಗೆ 10 ಡಾಲರ್ ಇತ್ತು. 2025ರ ಅಕ್ಟೋಬರ್‌ನಲ್ಲಿ ಅಲ್ಲಿ ಅದರ ಎಲ್ಲಕ್ಕಿಂತ ಮೇಲಿನ ಅಲ್ಟಿಮೇಟ್ ಹಂತ 20ರಿಂದ 30 ಡಾಲರ್‌ಗೆ ಏರಿತು. ನಮ್ಮಲ್ಲಿ ₹829 ಇದ್ದದ್ದು ₹1,389 ಆಯಿತು. ಆ ದರದಲ್ಲಿ ವರ್ಷಕ್ಕೆ ₹16,668. ಪಿಎಸ್5ನ ದೊಡ್ಡ ಹೊಸ ಆಟವೊಂದು ₹4,999ರ ಆಸುಪಾಸು ಅಂದರೆ ಮೂರು ಹೊಸ ಆಟದ ದುಡ್ಡು. ದರಗಳು ಬದಲಾಗುತ್ತಿರುತ್ತವೆ, ಕಟ್ಟುವ ದಿನ ನೋಡಿಕೊಳ್ಳಿ. ಲೆಕ್ಕದ ರೀತಿ ಮಾತ್ರ ಇದೇ: ವರ್ಷದಲ್ಲಿ ಮೂರಕ್ಕಿಂತ ಹೆಚ್ಚು ದೊಡ್ಡ ಆಟಗಳನ್ನು ನೀವು ಮನಸ್ಸಿಟ್ಟು ಆಡುತ್ತೀರಾ?

ಕೊಂಡ ಡಿಸ್ಕ್‌ಗೆ ಇನ್ನೊಂದು ಅನುಕೂಲವಿದೆ. ಆಡಿ ಮುಗಿಸಿ ಮಾರಬಹುದು, ಗೆಳೆಯನಿಗೆ ಕೊಟ್ಟು ಅವನದ್ದು ತರಬಹುದು. ನನ್ನ ಅಂಗಡಿಯಲ್ಲೇ ಎಷ್ಟೋ ಡಿಸ್ಕ್‌ಗಳು ಹೀಗೆ ಕೈ ಬದಲಾಗಿವೆ. ಅದಕ್ಕೇ ಹೊಸದಾಗಿ ಪಿಎಸ್5 ಕೊಳ್ಳುವವರಿಗೆ ನಾನು ಡಿಸ್ಕ್ ಹಾಕುವಂಥದ್ದನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ. ಚಂದಾದ ಆಟವನ್ನು ಮಾರಲು ಬರುವುದಿಲ್ಲ, ಅದು ನಿಮ್ಮದಾಗಿ ಉಳಿಯುವುದೂ ಇಲ್ಲ. ಜಿಟಿಎ 5 ಎಂಬ ಆಟ ಗೇಮ್ ಪಾಸ್‌ಗೆ 2020ರ ಜನವರಿಯಲ್ಲಿ ಬಂತು, ಮೇ ತಿಂಗಳಲ್ಲಿ ಹೋಯಿತು. 2021ರಲ್ಲಿ ಮತ್ತೆ ಬಂತು, ಮತ್ತೆ ಹೋಯಿತು. ಕಥೆಯ ಅರ್ಧದಲ್ಲಿದ್ದವರು ಕೊಳ್ಳಬೇಕು ಇಲ್ಲವೇ ಕಾಯಬೇಕು. ನನಗೂ ಆಗಿದೆ: ಒಂದು ಸೇವೆ ತಿಂಗಳು ತಿಂಗಳು ಕೊಡುತ್ತಿದ್ದ ಆಟಗಳನ್ನು ಮೂರು ವರ್ಷ ಕೂಡಿಟ್ಟಿದ್ದೆ. ಚಂದಾ ತೀರಿದ ಮರುದಿನ ಎಲ್ಲದರ ಮೇಲೂ ಬೀಗದ ಗುರುತು. ಮತ್ತೆ ಕಟ್ಟಿದರೆ ತೆರೆಯುತ್ತವೆ, ನಿಜ. ಆದರೆ ಅವು ನನ್ನವು ಅಂದುಕೊಂಡಿದ್ದೆನಲ್ಲ, ಅದು ಚುಚ್ಚಿತು.

ಇಂಟರ್ನೆಟ್ ಖರ್ಚನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈಗಿನ ದೊಡ್ಡ ಆಟ 100 ಜಿಬಿ ಇರುವುದು ಸಾಮಾನ್ಯ. ಮನೆಯಲ್ಲಿ 100 ಎಂಬಿಪಿಎಸ್ ಫೈಬರ್ ಪೂರ್ಣ ವೇಗದಲ್ಲಿದ್ದರೆ ಡೌನ್‌ಲೋಡ್‌ಗೆ ಎರಡೂಕಾಲು ಗಂಟೆ. ಪಿಜಿಯಲ್ಲಿ ದಿನಕ್ಕೆ 2 ಜಿಬಿಯ ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡವನಿಗೆ ಐವತ್ತು ದಿನ. ಅಷ್ಟರಲ್ಲಿ ಎರಡನೇ ತಿಂಗಳ ಚಂದಾವೂ ಮುಗಿಯುತ್ತಾ ಬಂದಿರುತ್ತದೆ.

ಸಣ್ಣ ಮಕ್ಕಳಿರುವ ಮನೆಗೆ ನನ್ನ ಸಲಹೆ ಬೇರೆ. ಫೋನ್ ಆಟಗಳ ಚಂದಾ ಗೂಗಲ್ ಪ್ಲೇ ಪಾಸ್ 2022ರಲ್ಲಿ ನಮ್ಮಲ್ಲಿಗೆ ಬಂದಾಗ ತಿಂಗಳಿಗೆ ₹99 ಇತ್ತು. ಐಫೋನ್‌ನವರಿಗೆ 2019ರಲ್ಲಿ ಬಂದ ಆಪಲ್ ಆರ್ಕೇಡ್ ಕೂಡ ಅಷ್ಟೇ. ಅಲ್ಲಿನ ಆಟಗಳಲ್ಲಿ ಜಾಹೀರಾತು ಇಲ್ಲ, ನಡುವೆ ಅದು ಕೊಳ್ಳು ಇದು ಕೊಳ್ಳು ಎಂದು ಕೇಳುವುದಿಲ್ಲ, ಮನೆಯ ಆರು ಜನ ಹಂಚಿಕೊಳ್ಳಬಹುದು. ಆರು ವರ್ಷದ ಮಗು ಆಟದ ನಡುವೆ ಕಂಡ ಜಾಹೀರಾತನ್ನೆಲ್ಲ ಒತ್ತಿ ಕಂಡಕಂಡ ಆಪ್ ತುಂಬಿಸಿದ ಫೋನ್‌ಗಳು ನನ್ನ ಟೇಬಲ್‌ಗೆ ವಾರಕ್ಕೊಂದು ಬರುತ್ತವೆ. ಅಂಥ ಮನೆಗೆ ₹99 ದುಬಾರಿಯಲ್ಲ. ಅಂದ ಹಾಗೆ, ಆನ್‌ಲೈನ್ ಆಟಗಳ ಬಗ್ಗೆ 2025ರಲ್ಲಿ ಬಂದ ಕೇಂದ್ರ ಕಾಯ್ದೆ ನಿಷೇಧಿಸಿದ್ದು ಪಣಕ್ಕೆ ಹಣವಿಟ್ಟು ಆಡುವ ಆಟಗಳನ್ನು. ಈ ಚಂದಾ ಅದಕ್ಕೆ ಸೇರಿದ್ದಲ್ಲ, ಗಾಬರಿ ಬೇಡ.

ದುಡ್ಡು ಸದ್ದಿಲ್ಲದೆ ಹೋಗುವುದು ಹೇಗೆ ಎಂದು ಟೀಚರ್ ಕೇಳಿದರು. ಮೊದಲ ಸಲ ಒಟಿಪಿ ಕೊಟ್ಟು ಒಪ್ಪಿಗೆ ಹಾಕಿದ ಮೇಲೆ, ₹15,000ದವರೆಗಿನ ಕಂತಿಗೆ ಮತ್ತೆ ಒಟಿಪಿ ಬೇಡ. ಆದರೆ ಕಡಿತಕ್ಕೆ 24 ಗಂಟೆ ಮೊದಲು ಬ್ಯಾಂಕ್ ಸಂದೇಶ ಕಳಿಸಲೇಬೇಕು. ಹೀಗೆ ಮೊದಲೇ ತಿಳಿಸಬೇಕೆನ್ನುವ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್‌ನಿಂದ ಕಡ್ಡಾಯವಾಗಿದೆ. ಆಕೆಯ ಫೋನ್‌ನಲ್ಲಿ ಹುಡುಕಿದೆವು. ಒಂಬತ್ತೂ ಸಂದೇಶ ಇದ್ದವು, ಸೀರೆ ಅಂಗಡಿ, ಸಾಲದ ಜಾಹೀರಾತುಗಳ ನಡುವೆ, ಒಂದನ್ನೂ ತೆರೆದಿರಲಿಲ್ಲ. ಆಟವನ್ನೋ ಆಪನ್ನೋ ಅಳಿಸಿದರೆ ಚಂದಾ ನಿಲ್ಲುವುದಿಲ್ಲ, ಆಟದ ಪೆಟ್ಟಿಗೆಯನ್ನೇ ಮಾರಿದರೂ ನಿಲ್ಲುವುದಿಲ್ಲ. ಖಾತೆಗೆ ಹೋಗಿ ಆಟೋ ರಿನ್ಯೂ, ಅಂದರೆ ಚಂದಾ ತಾನಾಗಿ ಮುಂದುವರಿಯುವ ಆಯ್ಕೆ, ತೆಗೆಯಬೇಕು. ದುಡ್ಡು ಕಟ್ಟಿದ ದಿನವೇ ತೆಗೆದರೂ ಆ ತಿಂಗಳು ಪೂರ್ತಿ ಆಡಬಹುದು. ಆಪಲ್ ಆರ್ಕೇಡ್‌ನ ಉಚಿತ ಪ್ರಯೋಗದ ಅವಧಿ ಮಾತ್ರ ಇದಕ್ಕೆ ಹೊರತು, ತೆಗೆದ ಕೂಡಲೇ ಆಟ ನಿಲ್ಲುತ್ತದೆ.

ಹುಡುಗ ಸ್ಟೂಲ್ ಮೇಲೆ ಕೂತು ತಾನೇ ಸೆಟ್ಟಿಂಗ್ ತೆರೆದ. ಡೀಲಕ್ಸ್‌ನಿಂದ ಇಳಿದರೆ ಮುಂದಿನ ಕಂತಿನಿಂದ ಜಾರಿಗೆ ಬರುತ್ತದೆ ಎಂದು ಹೇಳಿದೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿಯುವವರೆಗೆ ಎಸೆನ್ಷಿಯಲ್ಲೂ ಬೇಡ ಅಂದರು ತಾಯಿ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅಮ್ಮ, ಹಾಗಾದ್ರೆ ಏಪ್ರಿಲ್, ಮೇ ಎರಡು ತಿಂಗಳು ಎಕ್ಸ್‌ಟ್ರಾ ಹಾಕಿಸ್ಕೊಡ್ತೀಯಾ? ಕಥೆ ಆಟಗಳನ್ನ ಆಗ ಪೂರ್ತಿ ಆಡ್ತೀನಿ" ಅಂದ. ಆಕೆ ನನ್ನ ಪೆನ್ನು ಇಸಿದುಕೊಂಡು ರಿಪೇರಿ ಬಿಲ್ಲಿನ ಹಿಂದೆ ಬರೆದರು: ಏಪ್ರಿಲ್, ಮೇ. ಹುಡುಗ ಅದರ ಕೆಳಗೆ ಎರಡು ಆಟದ ಹೆಸರು ಬರೆದ.